ಪಾಠಕ್ಕಿಂತ ಭಾರವಾದ ಫೋಟೊ

ನಮ್ಮ ಕಡೆ ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೆ ತಮ್ಮ ಹೆಸರು, ತಂದೆಯ ಹೆಸರು, ಊರು, ಅಂಗಡಿ ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆಸುತ್ತಾರೆ. ಬೆಳಕು ಹೊರಗೆ ಬರಲು ಜಾಗ ಹುಡುಕಬೇಕು. ಅದನ್ನು ಕಂಡಾಗಲೆಲ್ಲ ನಾನು ನಗುತ್ತಿದ್ದವಳು. ಅದೇ ಕಾಯಿಲೆ ನನ್ನ ಕಂಪ್ಯೂಟರಿಗೇ ಅಂಟಿಕೊಂಡಾಗ ಮಾತ್ರ ನಗು ಬರಲಿಲ್ಲ.

ನಂಜನಗೂಡಿನ ಪೇಟೆಬೀದಿಯ ಒಂದು ಮಹಡಿಯಲ್ಲಿ ನಾವು ಕೆಲವರು ಸೇರಿ ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತೇವೆ. ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಪಾಠಗಳನ್ನು ಮೆಮೊರಿ ಕಾರ್ಡಿಗೆ ತುಂಬಿ, ಅಂಗೈ ಅಗಲದ ಪ್ಲೇಯರಿಗೆ ಹಾಕಿ ಕಳುಹಿಸುತ್ತೇವೆ. ಆ ಪ್ಲೇಯರುಗಳನ್ನು ಕೊಡಿಸಿದವರು ಟಿ. ನರಸೀಪುರದ ಒಬ್ಬ ಅಕ್ಕಿ ಗಿರಣಿಯ ಯಜಮಾನರು. ಅವರ ಹೆಂಡತಿ ಸ್ಕೂಲ್ ಟೀಚರಾಗಿದ್ದು ನಿವೃತ್ತರಾದವರು; ಇತಿಹಾಸದ ಪಾಠಗಳನ್ನೆಲ್ಲ ಮನೆಯಲ್ಲೇ ಕೂತು ಓದಿ ಕೊಟ್ಟಿದ್ದರು. ಕಳೆದ ವರ್ಷ ತೀರಿಕೊಂಡರು. ಆಮೇಲೆ ಪ್ಲೇಯರು ಕೊಡಿಸುವಾಗ ಯಜಮಾನರು ಹಾಕಿದ ಷರತ್ತು ಒಂದೇ: ಪ್ರತಿ ಪಾಠದ ಜೊತೆಗೂ ಹೆಂಡತಿಯ ಫೋಟೊ ಮತ್ತು ಸ್ಮರಣೆಯ ನಾಲ್ಕು ಸಾಲು ಇರಬೇಕು. ಆಗಲಿ ಎಂದು ಮಾತು ಕೊಟ್ಟೆವು.

ಪಾಠವಲ್ಲದ, ಪಾಠದ ಬಗ್ಗೆ ಹೇಳುವ ಇಂಥ ಮಾಹಿತಿಯನ್ನು ಕಂಪ್ಯೂಟರಿನವರು ಮೆಟಾಡೇಟಾ ಅನ್ನುತ್ತಾರೆ. ಅದು ಫೈಲಿನ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಕೂತಿರಬೇಕು. ನಮ್ಮಲ್ಲಿ ಫೋಟೊ ಸ್ಟುಡಿಯೊದವರು ಕೊಟ್ಟ ಭಾರೀ ಫೋಟೊ ಪ್ರತಿ ಪಾಠದೊಳಗೂ ಹೊಕ್ಕು, ಪಾಠಕ್ಕಿಂತ ಹೆಚ್ಚು ಜಾಗ ತಿನ್ನುತ್ತಿತ್ತು. ಪ್ಲೇಯರು ಆನ್ ಆದ ಕೂಡಲೇ ಮೊದಲು ಇದನ್ನೆಲ್ಲ ಒಳಗೊಳಗೇ ಓದಿ ಮುಗಿಸಿಯೇ ಪಾಠಕ್ಕೆ ಬರುವುದು. ಪಾಠಗಳು ಹೆಚ್ಚಿದ ಹಾಗೆಲ್ಲ ಅದು ಏದುಸಿರು ಬಿಡತೊಡಗಿತು.

ಒಂದು ದಿನ ಬದನವಾಳಿನಿಂದ ಫೋನ್ ಬಂತು. ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ, ಸರ್ಕಾರಿ ಕೆಲಸದ ಪರೀಕ್ಷೆಗೆ ಕಟ್ಟಿದ್ದಳು.

“ಮೇಡಂ, ಡಬ್ಬ ಆನ್ ಮಾಡ್ಬುಟ್ಟು ಪಾತ್ರೆ ಎಲ್ಲಾ ತೊಳ್ಕಂಡ್ ಬಂದ್ರೂ ಇನ್ನೂ ಸುಮ್ನೇ ಕೂತದೆ. ಒಂದೊಂದ್ಸಲ ಅಂಗೇ ಆಫ್ ಆಗೋಯ್ತದೆ. ಪರೀಕ್ಷೆ ಅತ್ರ ಬಂತು. ನಾ ಓದದು ಯಾವಾಗ?”

ಫೋನ್ ಇಟ್ಟು ಕಂಪ್ಯೂಟರ್ ಮುಂದೆ ಕೂತೆ. ಫೋಟೊವನ್ನು ಚಿಕ್ಕದು ಮಾಡಿ ನೋಡಿದೆ. ಚಿತ್ರ ಅಂದರೇ ಆ ಪ್ಲೇಯರು ತಡವರಿಸುತ್ತಿತ್ತು. ಕೊನೆಗೆ ಫೋಟೊ, ಸ್ಮರಣೆಯ ಸಾಲು ಎಲ್ಲ ಕಿತ್ತು, ಪಾಠದ ಹೆಸರು ಮತ್ತು ಓದಿದವರ ಹೆಸರು ಮಾತ್ರ ಉಳಿಸಿ ಒಂದು ಕಾರ್ಡು ಮಾಡಿದೆ. ಆದರೆ ಕೊಟ್ಟ ಮಾತು ಇತ್ತಲ್ಲ, ಯಜಮಾನರನ್ನು ಕೇಳದೆ ಕಳುಹಿಸುವ ಹಾಗಿರಲಿಲ್ಲ. ನರಸೀಪುರದ ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ನಯವಾಗಿ ಜೋಡಿಸಿಕೊಂಡೆ. ನನ್ನ ನಯ ಹೆಚ್ಚು ಹೊತ್ತು ಬಾಳುವುದಿಲ್ಲ; ಅದು ನಮ್ಮ ಮನೆಯವರಿಗೆಲ್ಲ ಗೊತ್ತು.

ಯಜಮಾನರು ಮನೆಯ ಹಜಾರದಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಫೋಟೊ ತಗುದ್ರೆ ಅವ್ಳು ಎಲ್ಲಿರ್ತಾಳೆ ಅದ್ರಲ್ಲಿ?” ಅಂದರು.

“ಕೇಳೋರಿಗೆ ಕಣ್ಣೇ ಕಾಣಲ್ಲ ಸಾರ್. ಆ ಫೋಟೊ ಯಾರು ನೋಡ್ಬೇಕು ಹೇಳಿ?” ನಾಲಿಗೆ ಹಿಡಿತ ತಪ್ಪಿತ್ತು.

“ನಾನ್ ನೋಡ್ತೀನಲ್ಲ,” ಅಂದರು.

ದಿನಾ ಬೆಳಿಗ್ಗೆ ಗಿರಣಿಗೆ ಹೋಗುವ ಮುಂಚೆ ಫೋನಿನಲ್ಲಿ ಹೆಂಡತಿ ಓದಿದ ಒಂದು ಪಾಠ ತೆರೆಯುತ್ತಾರಂತೆ. ಫೋಟೊ ಬರುತ್ತದೆ. ನೋಡಿ ಮುಚ್ಚುತ್ತಾರೆ. “ಸೌಂಡ್ ಮಾತ್ರ ಇಡಾಕಿಲ್ಲ. ಅವ್ಳ ದನಿ ಕೇಳೋ ಅಷ್ಟು ಗುಂಡಿಗೆ ನಂಗಿಲ್ಲ ಕಣ್ರೀ. ಗೋಡೆ ಮ್ಯಾಲೂ ಇದೇ ಫೋಟೊ ಅದೆ, ಆದ್ರೆ ಅಲ್ಲಿ ಸುಮ್ಕೆ ಅವಳೆ. ಇದ್ರಲ್ಲಿ ಪಾಠ ಮಾಡ್ತಾ ಅವಳೆ.”

ನಿಮ್ಮ ಫೋನಿನಲ್ಲಿರುವುದು ಹಾಗೇ ಇರಲಿ, ಮಿಕ್ಕವರದ್ದು ಮಾತ್ರ ತೆಗೆಯುತ್ತೇನೆ ಎಂದೆ.

“ನನ್ನೊಬ್ಬನ ತಾವ ಇದ್ರೆ ಅದು ಪಾಠ ಮಾಡ್ದಂಗಾ?”

ಅವರು ಕೇಳಿದ್ದು ಸರಿಯೇ. ಹಾಗಂತ ಬದನವಾಳಿನ ಹುಡುಗಿಯನ್ನು ಮರೆಯುವುದಾದರೂ ಹೇಗೆ? ಹೊಸ ಕಾರ್ಡು ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂದು ತೋರಿಸಿಬಿಡೋಣ ಅಂತ ಪ್ಲೇಯರಿಗೆ ಹಾಕಿ ಇತಿಹಾಸದ ಒಂದು ಪಾಠ ಒತ್ತಿದೆ. ಹಳೆಯ ಕಾರ್ಡಿನ ಅಭ್ಯಾಸ, ಶುರುವಾಗಲು ತಡವಾಗುತ್ತದೆ, ಅಷ್ಟರಲ್ಲಿ ಅವರು ಬೇಡ ಅಂದರೆ ನಿಲ್ಲಿಸಬಹುದು ಅಂದುಕೊಂಡಿದ್ದೆ. ಅವರು ಕೈ ಅಡ್ಡ ಚಾಚುವುದರೊಳಗೆ ದನಿ ಬಂದೇಬಿಟ್ಟಿತು.

“ರೀ, ಆ ಫ್ಯಾನ್ ಆಫ್ ಮಾಡಿ. ಸದ್ದು ಪಾಠದೊಳಕ್ಕೆ ಬತ್ತದೆ.”

ರೆಕಾರ್ಡಿಂಗ್ ಶುರುವಿನಲ್ಲಿ ಅವರು ಗಂಡನಿಗೆ ಹೇಳಿದ ಮಾತು, ಕತ್ತರಿಸದೆ ಬಿಟ್ಟಿದ್ದೆವು. ಯಜಮಾನರು ಎದ್ದರು. ನೇರವಾಗಿ ಗೋಡೆಯ ಬಳಿ ಹೋಗಿ, ನಮ್ಮ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಆಫ್ ಮಾಡಿದರು. ಮಾಡಿದ ಮೇಲೆ ಸ್ವಿಚ್ಚಿನಿಂದ ಕೈ ತೆಗೆಯಲಿಲ್ಲ. ಹಾಗೇ ನಿಂತು, ಬೆನ್ನು ನನ್ನ ಕಡೆಗಿಟ್ಟು, ಪಾಠ ಮುಗಿಯುವವರೆಗೂ ಕೇಳಿದರು. ನಾನು ಕೂತಲ್ಲೇ ಅತ್ತೆ, ಮುಚ್ಚಿಡುವುದೇನಿದೆ.

ಪಾಠ ಮುಗಿದ ಮೇಲೆ ಅವರು ಬಂದು ಪ್ಲೇಯರನ್ನು ನನ್ನ ಕೈಗಿಟ್ಟರು.

“ಆ ಉಡ್ಗಿಗೆ ಇವತ್ತೇ ಕಳ್ಸ್ಬುಡಿ,” ಅಂದರು. “ಫೋಟೊ ಬ್ಯಾಡ. ಫ್ಯಾನ್ ಆಫ್ ಮಾಡಿ ಅಂದ್ಲಲ್ಲ, ಅದ್ನ ಮಾತ್ರ ತಗೀಬ್ಯಾಡಿ.”