ಬೆರಳುದ್ದದ ಲಾಕು

ಸಿಂಧನೂರಿನಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ನಾನು, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎರಡು ವಿಸಿಆರ್ ಮೂಲೆಗಿಟ್ಟು, ಒಂದು ಹೊಲ ಬರುವಷ್ಟು ರೊಕ್ಕ ಸುರಿದು ಎಡಿಟಿಂಗ್ ಕಂಪ್ಯೂಟರ್ ತಂದೆ. ಅದರ ಹಿಂದೆ ಬೆರಳುದ್ದದ ಲಾಕು ಸಿಕ್ಕಿಸಿದರಷ್ಟೇ ಸಾಫ್ಟ್‌ವೇರ್ ತೆರೆಯುತ್ತಿತ್ತು.

ದಸರೆಯ ಖಂಡೇಪೂಜೆಗೆ ಎಂದಿನಂತೆ ಎಲ್ಲ ಯಂತ್ರಕ್ಕೂ ವಿಭೂತಿ ಹಚ್ಚಿ, ಕಾಯಿ ಒಡೆದು ಅದರ ನೀರು ಚಿಮುಕಿಸಿದೆ. ನೀರು ಲಾಕಿನೊಳಗೆ ಇಳಿದು, ಅದು ಸುಟ್ಟುಹೋಯಿತು. ಪಾಮನಕಲ್ಲೂರಿನ ಹುಡುಗಿಯೊಬ್ಬಳು ದಸರೆ ಮುಗಿಸಿ ಗಂಡನ ಮನೆಗೆ ಹೊರಡುವ ಮೊದಲು ತನ್ನ ಮದುವೆಯ ಕ್ಯಾಸೆಟ್ ನೋಡಬೇಕೆಂದು ಕಾಯುತ್ತಿದ್ದಳು.

ರಾಯಚೂರಿನ ಡೀಲರ್‌ಗೆ ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದೆ.

“ಸಾಹೇಬ್ರ, ಲಾಕ್ ಒಂದು ಕಳಿಸ್ರಿ.”

“ಬರೇ ಲಾಕ್ ಬರಂಗಿಲ್ರೀ. ಸಾಫ್ಟ್‌ವೇರಿನ ಪೂರಾ ರೊಕ್ಕ ಮತ್ತ ಕೊಡ್ಬೇಕು.”

“ಕೀಲಿ ಕೆಟ್ರ ಮನೀನ ಮತ್ತ ಕೊಳ್ಳಬೇಕೇನ್ರೀ?”

“ಮನಿ ಕಂಪನೀದು ಐತ್ರಿ ಯಜಮಾನ್ರ. ನಿಮಗ ಮಾರಿದ್ದು ಕೀಲಿ ಅಷ್ಟ.”

ಫೋನ್ ಇಟ್ಟೆ. ಅಂಗಡಿಗೆ ಬಂದು ಹಳೇ ವಿಸಿಆರ್‌ಗಳ ಧೂಳು ಒರೆಸಿ, ಎರಡನ್ನೂ ಜೋಡಿಸಿ, ಮೊದಲಿನಂತೆಯೇ ಕ್ಯಾಸೆಟ್ ಮುಗಿಸಿದೆ. ಹುಡುಗಿ ನೋಡಿಯೇ ಹೋದಳು.

ಆ ವಿಸಿಆರ್‌ಗಳೂ ವರ್ಷ ವರ್ಷ ಕಾಯಿನೀರು ಕುಡಿದವೇ. ಪಾಪ, ಒಮ್ಮೆಯೂ ಪೂಜೆಗೆ ಮುನಿದಿರಲಿಲ್ಲ.