ಗುಬ್ಬಿ ಮಂಡಿಯ ಚಂದ್ರು

ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಸರ್ವರಿನ ಡಿಸ್ಕು ಕಟಕಟ ಅನ್ನುತ್ತಿತ್ತು. ಅದು ಸಾಯೋದರೊಳಗೆ ವ್ಯಾಪಾರದ ಫೋಲ್ಡರು ಬ್ಯಾಕಪ್ ಆಗಬೇಕು. ಪರ್ಮಿಷನ್ ಇಲ್ಲ ಅಂತ ಪ್ರೋಗ್ರಾಮು ನಿಂತಿತ್ತು.

"ಲೈಸೆನ್ಸ್ ಪ್ರಾಬ್ಲಮ್ಮು. ನನ್ನಂಥೋನಿಗೇ ಗೊತ್ತಾಗೋದು" ಅಂತ, ಮಂಡಿಯ ಕಂಪ್ಯೂಟರ್ ನೋಡಿಕೊಳ್ಳೋ ನಾನು ಜಂಬ ಕೊಚ್ಚಿಕೊಂಡು, ಪ್ರೋಗ್ರಾಮಿನ ಕಂಪನಿಯವರಿಗೆ ಫೋನಿನಲ್ಲಿ ಬೈದು ಹೊಸ ಲೈಸೆನ್ಸ್ ಹಾಕಿಸಿದೆ. ಮತ್ತೆ ಅದೇ ಹಾಡು.

ಮಂಡಿ ಯಜಮಾನರಾದ ಸಾಬರು ಟೀ ಹೀರುತ್ತಾ ಹೇಳಿದರು: "ಅದ್ಯಾವನೋ ಚಂದ್ರು ದಿನಾ ಫೋಲ್ಡರಿಗೆ ಬರ್ತಿದ್ದ. ಗುರುತಿಲ್ಲದೋನಿಗೆ ನಮ್ಮ ರೇಟು ಯಾಕೆ ತೋರಿಸ್ಬೇಕು ಅಂತ ಪರ್ಮಿಷನ್ ಪಟ್ಟೀಲಿ ಅವನ ಹೆಸರಿನ ಟಿಕ್ ನಾನೇ ತೆಗ್ದೆ."

ಚಂದ್ರು ಅನ್ನೋದು ಬ್ಯಾಕಪ್ ಪ್ರೋಗ್ರಾಮಿಗೆ ನಾನೇ ಇಟ್ಟಿದ್ದ ಹೆಸರು!

"ಸಾಬ್ರೇ, ಅವನು ನಮ್ಮೋನೇ!"

"ಯಾವೂರು?"

ಡಿಸ್ಕು ಜೋರಾಗಿ ಕಟಕಟ ಅಂದಿತು. ಬಿಡಿಸಿ ಹೇಳೋಕೆ ಟೈಮಿರಲಿಲ್ಲ. "ಹುಲಿಯೂರುದುರ್ಗ. ನನ್ನ ತಮ್ಮ. ಜವಾಬ್ದಾರಿ ನಂದು."

"ಮೊದ್ಲೇ ಹೇಳೋದಲ್ವೇನ್ಲಾ!"

ಟಿಕ್ ಬಿತ್ತು, ಬ್ಯಾಕಪ್ ಆಯಿತು. ಹೊರಡುವಾಗ ಸಾಬರು, "ನಿನಗಿಂತ ನಿನ್ನ ತಮ್ಮ ವಾಸಿ ಕಣೋ. ಮಾತಾಡ್ದೆ ಕೆಲಸ ಮಾಡ್ತಾನೆ" ಅಂದರು.

ಇಲ್ಲದ ತಮ್ಮನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.