ನನ್ನನ್ನು ಹಿಡಿಯದ ಪೊಲೀಸರು

ಅಣ್ಣಿಗೇರಿಗೆ ಮಂತ್ರಿಗಳು ಬರುವ ದಿನ ಪೊಲೀಸರು ಬೆಳಿಗ್ಗೆಯೇ ಹೋರಾಟಗಾರರನ್ನು ಮನೆಯಿಂದ ಕರೆದೊಯ್ದು, ಠಾಣೆಯಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು, ಸಂಜೆ ಬಿಡುವುದು ವಾಡಿಕೆ. ಕಾಲುವೆ ನೀರಿನ ಬಗ್ಗೆ ಖಾರವಾಗಿ ಕವನ ಬರೆಯುವ ನಾನು ಈ ಸಲ ಮುಂಚೆಯೇ ಬಿಪಿ ಗುಳಿಗೆ, ಹೊಸ ಟವೆಲ್ಲು ಚೀಲಕ್ಕೆ ತುಂಬಿಕೊಂಡು ಬಾಗಿಲಲ್ಲಿ ಕಾದೆ. ಜೀಪು ನಮ್ಮ ಮನೆ ದಾಟಿ, ಪಕ್ಕದ ಓಣಿಯ ನನ್ನ ಗೆಳೆಯ ಕವಿಯನ್ನು ಹತ್ತಿಸಿಕೊಂಡು ಹೋಯಿತು. ಅವನಿಗೆ ನೆಟ್ಟಗೆ ಪ್ರಾಸವೂ ಬರುವುದಿಲ್ಲ!

“ಬಾಗಲಾ ಹಾಕ್ರಿ, ನಿಮ್ಮನ್ಯಾರೂ ಒಯ್ಯಂಗಿಲ್ಲ,” ಎಂದಳು ಹೆಂಡತಿ.

ಹೊಟ್ಟೆಯುರಿ ತಡೆಯದೆ ಚೀಲ ಹಿಡಿದು ಠಾಣೆಗೇ ಹೋದೆ. ಗೆಳೆಯ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದ.

“ಇವನ್ನ ಹಿಡದ್ರಿ, ನನ್ನ ಯಾಕ ಬಿಟ್ರಿ?” ಎಂದು ಹವಾಲ್ದಾರರನ್ನು ಕೇಳಿದೆ.

“ಅವರ ಕವನ ಕೇಳಿದ್ರ ಮಂದಿ ರಸ್ತೇಕ ಇಳಿತಾರ್ರಿ ಸರ. ನಿಮ್ಮ ಕವನಕ್ಕ ಚಪ್ಪಾಳಿ ಹೊಡದು ಮನೀಗೆ ಹೋಗ್ತಾರ. ನಿಮ್ಮಿಂದ ನಮಗ ಏನೂ ತ್ರಾಸಿಲ್ರಿ.”

ಅಷ್ಟರಲ್ಲಿ ಗೆಳೆಯ ಒಳಗಿಂದ ಕೂಗಿದ: “ಲೇ, ಗಡಿಬಿಡ್ಯಾಗ ಬಿಪಿ ಗುಳಿಗಿ ಮರತ ಬಂದೇನಿ. ನಿನ್ನ ಹತ್ರ ಅದಾವೇನು?”

ಇಬ್ಬರದೂ ಒಂದೇ ಡಾಕ್ಟರು, ಒಂದೇ ಗುಳಿಗೆ. ಕೊಟ್ಟೆ. ಟವೆಲ್ಲು ಮಾತ್ರ ಕೊಡಲಿಲ್ಲ. ಮಂತ್ರಿಗಳು ಇನ್ನೊಮ್ಮೆ ಬರದೇ ಇರುತ್ತಾರೆಯೇ?